ನೀಲಿ ಕೈ

“ಇನ್ನೂ ತಿಕ್ಕೇ ಲೌಡಿ, ಉಗುರಿನ ಸಂದಿ ಹ್ಯಾಂಗೈತಿ ನೋಡು!”

ಸೂಪರ್‌ವೈಸರ್ ಪ್ರಸಾದ್ ನನ್ನ ಮಗಳ ತಲೆಗೆ ಮೊಟಕಿದ. ಮೌನಿಕಾ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ಅದ್ದಿ ತಿಕ್ಕುತ್ತಲೇ ಇದ್ದಳು. ಚರ್ಮ ಸುಲಿಯಿತು, ನೀಲಿ ಹೋಗಲಿಲ್ಲ. ಆಂಧ್ರದ ಗಡಿಯ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ದಿನವಿಡೀ ಪ್ಯಾಂಟಿನ ದಾರ ಕತ್ತರಿಸುವವರ ಕೈಬಣ್ಣ ಅದು. ಅಲ್ಲೇ ಹೊಲಿಗೆ ಮಷಿನ್ನಿಗೆ ಕೂರುವ ನನ್ನದೂ ಅದೇ.

“ಬಿಡ್ರಿ ಸಾರ್, ಕೈ ಉರೀತಾವಂತ.”

“ಬಿಡ್ತೀನಿ ಉಜ್ಜಿನಮ್ಮ. ನಾಳಿಂದ ತಾಯಿ, ಮಗಳು ಇಬ್ರೂ ಬರಬ್ಯಾಡ್ರಿ.”

ನಾನೇ ಅವಳ ಕೈ ಹಿಡಿದು ತಿಕ್ಕಿದೆ.

ಇವತ್ತು ಯೂನಿಟ್ಟಿನ ಸಭೆಗೆ ಬರುವವರು ಮಾಜಿ ಮಂತ್ರಿ, ನಮ್ಮ ಮಾಲೀಕರ ಭಾವ. ಮಂತ್ರಿಯಾಗಿದ್ದಾಗ ಮಕ್ಕಳು ಕಡಿಮೆ ಎಂದು ನಮ್ಮ ಕೇರಿಯ ಕನ್ನಡ ಶಾಲೆಗೆ ಬೀಗ ಹಾಕಿಸಿದರು. ಇನ್ನೊಂದು ಶಾಲೆ ಹೈವೇ ಆಚೆ. ಮಗಳನ್ನು ಒಬ್ಬಳೇ ಕಳಿಸಲಾರದೆ ನನ್ನ ಜೊತೆ ಯೂನಿಟ್ಟಿಗೆ ಕರೆತಂದೆ. ಆಮೇಲೆ ಮಂತ್ರಿ ಎಲೆಕ್ಷನ್ನಿನಲ್ಲಿ ಸೋತರು. ಈಗ ಶಿಕ್ಷಣ ಸುಧಾರಣೆ ಎಂದು ಊರೂರು ತಿರುಗುತ್ತಾರೆ, ಟಿವಿಯಲ್ಲಿ ಮಾತಾಡುತ್ತಾರೆ. ಸಭೆಗೆ ಮಕ್ಕಳು ಬೇಕಲ್ಲ, ಯೂನಿಟ್ಟಿನ ಹುಡುಗಿಯರಿಗೇ ಶಾಲೆಯ ಯೂನಿಫಾರ್ಮ್ ತೊಡಿಸಿದರು. ಅದನ್ನು ಹೊಲಿದವರೂ ನಾವೇ.

“ಕೈ ತೊಡಿ ಕೆಳಗ ಇಟ್ಕಂಡು ಕುಂದರ್ರಿ. ಯಾವಳಾದ್ರೂ ಹೊರಗ ತೆಗೆದ್ಲೋ, ಮುರೀತೀನಿ,” ಎಂದ ಪ್ರಸಾದ್.

ಶಾಮಿಯಾನದಡಿ ಮಾಜಿ ಮಂತ್ರಿ ಮೈಕು ಹಿಡಿದು ನಕ್ಕರು. ತೆಲುಗಿನಲ್ಲಿ ಕೇಳಿ, ಮತ್ತೆ ಕನ್ನಡದಲ್ಲಿ ಕೇಳಿದರು: “ಓದೋ ಆಸೆ ಯಾರ್ಯಾರಿಗೈತಿ? ಕೈ ಎತ್ರಿ ನೋಡಾಣ!”

ಒಂದು ಕೈಯೂ ಏಳಲಿಲ್ಲ.

“ನೋಡಿದ್ರಾ?” ಅವರು ಟಿವಿಯವರ ಕಡೆ ತಿರುಗಿದರು. “ಸರ್ಕಾರ ಏನು ಕೊಟ್ರೇನು? ಇವರ ತಾಯಿ-ತಂದಿಗೇ ಅಕ್ಷರ ಬ್ಯಾಡ. ಹೊಟ್ಟಿಗೆ ಬಿದ್ರೆ ಸಾಕು.”

ಮೌನಿಕಾ ತಿರುಗಿ, ಹಿಂದೆ ನಿಂತಿದ್ದ ನನ್ನನ್ನು ನೋಡಿದಳು.

“ಯವ್ವಾ, ಎತ್ಲಾ?”

ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಈ ಊರಿನ ಬೇರೆ ಯೂನಿಟ್ಟಿನವರೂ ಸೇರಿಸದಂತೆ ಮಾಡಲು ಪ್ರಸಾದನ ಒಂದು ಫೋನು ಸಾಕು. ಎಲ್ಲ ಗೊತ್ತಿತ್ತು.

“ಎತ್ತವ್ವ!”

“ಏ ರಂಡೇ, ಬಾಯಿ ಮುಚ್ಚು!” ಪ್ರಸಾದ್ ನನ್ನ ರೆಟ್ಟೆ ತಿರುಚಿದ.

“ಎತ್ತೇ! ನಿನ್ನ ಸಾಲಿಗೆ ಬೀಗ ಹಾಕಿಸಿದಾವ ಅವನೇ. ಕಾಣ್ಲಿ ಅವನ ಕಣ್ಣಿಗೆ!”

ಸುಲಿದು ಕೆಂಪಾದ, ಆದರೂ ನೀಲಿಯೇ ಉಳಿದ ಪುಟ್ಟ ಕೈ ಮೇಲೆದ್ದಿತು. ಪಕ್ಕದ ದುರ್ಗಾಳದು ಎದ್ದಿತು. ಆಮೇಲೆ ಇಡೀ ಸಾಲು.

ಮಾಜಿ ಮಂತ್ರಿ ಕ್ಯಾಮೆರಾಕ್ಕೆ ಅಡ್ಡ ನಿಂತರು. ಪ್ರಸಾದ್ ಫೋನಿನಲ್ಲಿ ಕೂಗುತ್ತಿದ್ದ: “ನಾಳೆ ಒಬ್ಬಾಕೀನೂ ಗೇಟಿನೊಳಗ ಬಿಡಬ್ಯಾಡ!”

ಮೌನಿಕಾಳಿಗೂ ಅದು ಕೇಳಿಸಿತು. ಎತ್ತಿದ ಕೈ ಕೆಳಗಿಳಿಸಲಿಲ್ಲ.