ಗಾಜಿನೊಳಗಿನ ಹೊಲಿಗೆ

ಎಳೆ ಇವತ್ತೂ ಬಂದಿತ್ತು. ಗಾಜಿನ ಪೆಟ್ಟಿಗೆಯ ಮೂಲೆಯಿಂದ ಒಳಗಿನ ಕಲ್ಲಿನವರೆಗೆ, ಜೇಡ ಕಟ್ಟಿದ ಹಾಗೆ, ಬೂದುಬಣ್ಣದ ತೆಳುವಾದ ಪರದೆ. ಟೈಲರನ ಹೆಂಡತಿ ಪೆಟ್ಟಿಗೆಯ ಮುಚ್ಚಳ ಸರಿಸಿ, ಚಿಮುಟದಿಂದ ಎಳೆಯ ತುದಿ ಹಿಡಿದು ಮೆಲ್ಲಗೆ ಎಳೆದಳು. ಒಳಗಿನ ಇರುವೆಗಳು ಹಿಂಭಾಗವನ್ನು ನೆಲಕ್ಕೆ ಬಡಿದು ಸದ್ದು ಮಾಡಿದವು. ಒಣಗಿದ ಕಾಯೊಳಗೆ ಬೀಜ ಅಲ್ಲಾಡಿದಂಥ ಸಣ್ಣ ಸದ್ದು.

"ಸುಮ್ನಿರ್ರೇ, ನಿಮ್ಮ ಮನೇನೇ ಗುಡಿಸ್ತಿರೋದು," ಎಂದಳು.

ಎಳೆ ಕೀಳುವುದು ಮದುವೆಯಾಗಿ ಬಂದಾಗಿನಿಂದ ಅವಳ ಕೆಲಸವೇ. ಗಂಡ ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದ. ಅವಳು ಕಾಜ ಮಾಡಿ, ಗುಂಡಿ ಹಚ್ಚಿ, ಕೊನೆಗೆ ಅಂಗಿಯನ್ನು ಬೆಳಕಿಗೆ ಹಿಡಿದು ಉಳಿದ ನೂಲೆಳೆಗಳನ್ನೆಲ್ಲ ಕಿತ್ತು ತೆಗೆಯುತ್ತಿದ್ದಳು. ಎಳೆ ಜೋತಾಡುವ ಬಟ್ಟೆ ಆ ಅಂಗಡಿಯಿಂದ ಹೊರಗೆ ಹೋದದ್ದೇ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ತೋಳಿನ ಮೇಲೆ ದಾರ ಕಂಡರೂ ಅವಳ ಬೆರಳು ಸುಮ್ಮನಿರುತ್ತಿರಲಿಲ್ಲ.

ಇರುವೆಗಳು ಸೊಸೆಯವು. ಮರಳುಗಾಡಿನ ಜೀವಗಳ ಅಧ್ಯಯನವೇ ಅವಳ ಉದ್ಯೋಗ. ಮತ್ತೆ ಅಲ್ಲಿಗೆ ಹೊರಡುವಾಗ ಪೆಟ್ಟಿಗೆಯನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟು, "ಅತ್ತೆ, ಜೇನುನೀರು, ಆಗಾಗ ಒಂದು ಸತ್ತ ನೊಣ. ಬಲ್ಬಿನ ಕಾವು ಆರಬಾರ್ದು. ಗಾಜು ಒಂಚೂರು ಒರೆಸಿದ್ರೆ ಸಾಕು," ಎಂದು ಹೇಳಿಹೋಗಿದ್ದಳು. ಹೊರಗಡೆ ಮಾತ್ರ ಒರೆಸಬೇಕು ಎಂದು ಅವಳು ಹೇಳಲಿಲ್ಲ, ಅತ್ತೆ ಕೇಳಲಿಲ್ಲ.

ಮೊದಮೊದಲು ಅವಳಿಗೆ ಅವುಗಳ ಮೇಲೆ ಅಂಥ ಅಕ್ಕರೆಯೇನೂ ಇರಲಿಲ್ಲ. ಅಕ್ಕರೆ ಬಂದದ್ದು ಗಂಡನ ದೆಸೆಯಿಂದ. ಅವನ ಬಲಗೈ ನಡುಗಲು ಶುರುವಾಗಿ, ಗಿರಾಕಿಯೊಬ್ಬರ ಒಳ್ಳೆಯ ಉಣ್ಣೆಬಟ್ಟೆಯ ಮೇಲೆ ಕತ್ತರಿ ಸೊಟ್ಟಗೆ ಓಡಿದ ದಿನ ಅವನು ಕತ್ತರಿ ಕೆಳಗಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಲಗಿದ್ದೇ. ಉಂಡ್ರಾ ಅಂದರೆ ಹೂಂ, ಇಲ್ವಾ ಅಂದರೂ ಹೂಂ. ಅಂಥವನು ಈ ಪೆಟ್ಟಿಗೆ ಬಂದ ಮೇಲೆ ಬೆಳಗಾದರೆ ಎದ್ದು, ಸ್ಟೂಲು ಎಳೆದುಕೊಂಡು, ಭೂತಗನ್ನಡಿ ಹಿಡಿದು ಕೂರತೊಡಗಿದ್ದ.

"ಬೆನ್ನ ಮೇಲೆ ನೋಡೇ, ಕೊಕ್ಕೆ! ಎರಡೆರಡು. ನಿನ್ನ ರವಿಕೆಗೂ ಇಷ್ಟು ನೀಟಾಗಿ ಹಚ್ಚಿಲ್ಲ ನಾನು."

"ನನ್ನ ರವಿಕೆ ಹೊಲಿಯೋಕೆ ನಿಮಗೆ ಯಾವತ್ತು ಬಿಡುವಿತ್ತು?" ಎಂದು ಅವಳು ಮೂತಿ ತಿರುವಿದ್ದಳು. ಆದರೆ ಆ ದಿನ ಒಳಗೆ ಹೋಗಿ ಒಬ್ಬಳೇ ಕಣ್ಣೊರೆಸಿಕೊಂಡಿದ್ದಳು. ಎಷ್ಟೋ ದಿನಗಳ ಮೇಲೆ ಗಂಡ ತಮಾಷೆ ಮಾಡಿದ್ದ.

ಈಗ ಆ ಇರುವೆಗಳೇ ಸಾಯುತ್ತಿದ್ದವು. ಸತ್ತವುಗಳನ್ನು ಅವು ತಾವೇ ಹೊತ್ತು ಒಂದು ಮೂಲೆಗೆ ಹಾಕುತ್ತಿದ್ದವು. ಆ ಗುಡ್ಡೆ ದಿನೇ ದಿನೇ ಎತ್ತರವಾಗುತ್ತಿತ್ತು. ದೊಡ್ಡವು ಕಡಿಮೆ, ಅಕ್ಕಿನುಚ್ಚಿನಂಥ ಬಿಳಿ ಮರಿಗಳೇ ಹೆಚ್ಚು, ಸುಕ್ಕಿಹೋದವು. ಟೈಲರ್ ಭೂತಗನ್ನಡಿಯನ್ನು ಬೋರಲು ಹಾಕಿ, "ಇವೂ ಹೊರಟವು," ಎಂದಷ್ಟೇ ಹೇಳಿ ಹೋಗಿ ಮಲಗಿದ. ಮಾರನೆಯ ಬೆಳಗ್ಗೆ ಏಳಲಿಲ್ಲ, ಮತ್ತೆ ಗೋಡೆ ಕಡೆಗೇ ಮುಖ.

ಅವಳು ಜೇನುನೀರು ಬದಲಾಯಿಸಿದಳು. ಬಲ್ಬು ಹತ್ತಿರ ಸರಿಸಿದಳು. ಗಾಜನ್ನು ಇನ್ನೂ ಚೆನ್ನಾಗಿ ತಿಕ್ಕಿದಳು. ಗುಡ್ಡೆ ಮಾತ್ರ ಬೆಳೆಯಿತು.

ಅವತ್ತು, ಈಗ ಅವಳೇ ಹೊಲಿಯುತ್ತಿದ್ದ ಶಾಲೆಯ ನೀಲಿ ಸಮವಸ್ತ್ರಗಳು ರಾಶಿ ಬಿದ್ದಿದ್ದವು. ಕೈಕೆಲಸದ ಗಡಿಬಿಡಿಯಲ್ಲಿ ಅವಳು ಪೆಟ್ಟಿಗೆಯ ಕಡೆ ಬಂದಾಗ ಊಟದ ಹೊತ್ತು ಮೀರಿತ್ತು. ಪರದೆ ಆಗಲೇ ಅರ್ಧ ಎದ್ದಿತ್ತು. ಚಿಮುಟ ಎತ್ತಿಕೊಂಡವಳು ಯಾಕೋ ತಡೆದು, ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಳು.

ಒಂದಿರುವೆ ಬಿಳಿ ಮರಿಯೊಂದನ್ನು ಸೊಂಟದಲ್ಲಿ ಕಚ್ಚಿ ಹಿಡಿದಿತ್ತು. ತಿನ್ನುವುದಕ್ಕಲ್ಲ. ಹಿಡಿತ ಎಷ್ಟು ಹಗುರವಾಗಿತ್ತೆಂದರೆ ಮರಿ ಕತ್ತು ಆಡಿಸುತ್ತಿತ್ತು. ಇರುವೆ ಆ ಮರಿಯ ಬಾಯನ್ನು ಗಾಜಿಗೆ ಮುಟ್ಟಿಸಿತು; ಎತ್ತಿತು; ಕಲ್ಲಿನಂಚಿಗೆ ಒಯ್ದು ಅಲ್ಲಿಗೆ ಮುಟ್ಟಿಸಿತು. ನಡುವೆ, ಬಲ್ಬಿನ ಬೆಳಕಿನಲ್ಲಿ, ಒಂದು ಎಳೆ ಮಿಂಚಿತು. ಮತ್ತೆ ಗಾಜು. ಮತ್ತೆ ಕಲ್ಲು. ಉಳಿದ ಇರುವೆಗಳು ಮರಳಿನ ಕಣ ತಂದು ಹಸಿ ಎಳೆಗೆ ಅಂಟಿಸುತ್ತಿದ್ದವು. ಯಾರೂ ಯಾರಿಗೂ ಹೇಳಿಕೊಟ್ಟಂತಿರಲಿಲ್ಲ. ಹೊಲಿಗೆಯ ಒಂದು ಟಾಕೂ ತಪ್ಪಲಿಲ್ಲ.

ಅವಳು ಭೂತಗನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ರೀ," ಎಂದಳು. "ರೀ! ಬನ್ನೀಂದ್ರೆ. ಹೊಲೀತಿದಾವೆ."

ಆ ಮಾತಿಗೆ ಅವನು ಎದ್ದು ಬಂದ. ನಡುಗುವ ಕೈಯಲ್ಲಿ ಭೂತಗನ್ನಡಿ ನಿಲ್ಲದಾಗ ಅವಳೇ ಹಿಡಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಹೊರಗೆ ಯಾರೋ ಗಿರಾಕಿ ಎರಡು ಸಲ ಕೂಗಿ ಹೊರಟುಹೋದರು.

"ಸೂಜಿ ಎಲ್ಲಿ ಅಂತ ನೋಡ್ತಿದ್ದೆ ಕಣೇ," ಎಂದ ಟೈಲರ್. "ಮಗೂನೇ ಸೂಜಿ. ನೂಲೂ ಅದರ ಬಾಯಿಂದಾನೇ."

ಅವಳು ಕೈಯಲ್ಲಿದ್ದ ಚಿಮುಟವನ್ನು ನೋಡಿದಳು. ಆಮೇಲೆ ಮೂಲೆಯ ಗುಡ್ಡೆಯನ್ನು.

"ನಾನು ದಿನಾ ಕೀಳ್ತಿದ್ದೆ," ಎಂದಳು. "ಕಸ ಅನ್ಕೊಂಡು."

ಅವನು ಕೈ ಚಾಚಿದ. ಚಿಮುಟವನ್ನು ಅವಳ ಕೈಯಿಂದ ತೆಗೆದು ಗುಂಡಿಯ ಡಬ್ಬಿಯೊಳಗೆ ಹಾಕಿದ.

ಸಂಜೆ ಸೊಸೆ ಫೋನಿನಲ್ಲಿ ಸಿಕ್ಕಳು. ಅತ್ತೆ ಇದ್ದದ್ದು ಇದ್ದಂತೆ ಹೇಳಿದಳು.

"ನಾನೇ ಸರಿಯಾಗಿ ಹೇಳ್ಬೇಕಿತ್ತು ಅತ್ತೆ. ದೊಡ್ಡದಾಗೋ ಮುಂಚೆ ತನ್ನ ಮೈ ಸುತ್ತ ಗೂಡು ಸುತ್ಕೊಳ್ಳೋಕೆ ಮರಿ ಇಟ್ಕೊಂಡಿರೋ ನೂಲು ಅದು. ಕಿತ್ತಷ್ಟೂ ಮತ್ತೆ ನೇಯ್ದು ಎಲ್ಲಾ ಮನೆಗೇ ಖರ್ಚಾಗಿಬಿಟ್ರೆ ಮರಿಗೆ ಉಳಿಯಲ್ಲ, ಸಾಯುತ್ತೆ."

"ಇರುವೆಗಳ ರಾಣಿ ಇದಾಳೇನಮ್ಮ ಇನ್ನೂ? ನನಗೆ ಕಾಣ್ಲಿಲ್ಲ."

"ಒಳಗಡೆ ಇರ್ತಾಳೆ. ಇನ್ಮೇಲೆ ಮುಟ್ಬೇಡಿ. ಪರದೆ ಪೂರ್ತಿ ಮುಚ್ಕೊಳ್ಳುತ್ತೆ, ಏನೂ ಕಾಣಲ್ಲ. ಕಾಣದೇ ಇದ್ರೇನೇ ಅವು ಚೆನ್ನಾಗಿದಾವೆ ಅಂತ."

ಫೋನಿಟ್ಟ ಮೇಲೆ ಅವಳು ಸೊಸೆಯ ಕೊನೆಯ ಮಾತನ್ನು ಗಂಡನಿಗೆ ಹೇಳಲೋ ಬೇಡವೋ ಎಂದು ಒದ್ದಾಡಿದಳು. ನೋಡುವುದಕ್ಕೆಂದೇ ಏಳುವವನು. ಕಾಣದ ಮೇಲೆ ಏನು? ಕೊನೆಗೆ ಹೇಳಿದಳು.

"ಹೂಂ," ಎಂದ ಅವನು. ಯಾವ ಹೂಂ ಎಂದು ತಿಳಿಯಲಿಲ್ಲ.

ಪರದೆ ಬೆಳೆಯಿತು. ಅವಳ ಬೆರಳುಗಳು ದಿನಾ ತುರಿಸಿದವು; ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ಗಾಜಿನ ಹಿಂದೆ ಕೊಕ್ಕೆಯ ಬೆನ್ನುಗಳು ಒಂದೊಂದಾಗಿ ಮಸುಕಾದವು. ಸತ್ತ ಮರಿಗಳು ಬರುವುದು ಕಡಿಮೆಯಾಯಿತು, ನಿಂತಿತು. ಕೊನೆಯ ಸಂದೂ ಮುಚ್ಚಿದ ದಿನ ಟೈಲರ್ ಭೂತಗನ್ನಡಿಯನ್ನು ಒರೆಸಿ ಕಪಾಟಿನೊಳಗಿಟ್ಟ. ಅವಳು ಸ್ಟೂಲನ್ನು ಅಲ್ಲೇ ಬಿಟ್ಟಳು.

ಮರುದಿನ ಅವಳು ಗುಂಡಿ ಹಚ್ಚುತ್ತ ಕೂತಿದ್ದಾಗ ಹಿಂದಿನ ಕೋಣೆಯಿಂದ ಸದ್ದೊಂದು ಬಂತು. ದೊಡ್ಡ ಕತ್ತರಿಯ ಸದ್ದು. ಹೆಜ್ಜೆ ಸದ್ದಾಗದಂತೆ ಹೋಗಿ ಬಾಗಿಲಲ್ಲಿ ನಿಂತಳು.

ಟೈಲರ್ ಸ್ಟೂಲಿನ ಮೇಲಿದ್ದ. ಮಡಿಲಲ್ಲಿ ಸಮವಸ್ತ್ರದ ನೀಲಿ ಚಿಂದಿ. ನಡುಗುವ ಕೈ ನಡುಗುತ್ತಲೇ ಕತ್ತರಿಸುತ್ತಿತ್ತು, ಅಡ್ಡಕ್ಕೆ, ಉದ್ದಕ್ಕೆ, ಬಟ್ಟೆ ನುಣ್ಣನೆ ಧೂಳಾಗುವವರೆಗೆ. ಆ ಧೂಳನ್ನು ಚಿಟಿಕೆಯಲ್ಲಿ ಹಿಡಿದು ಮುಚ್ಚಳ ಸರಿಸಿ ಮರಳಿನ ಮೇಲೆ ಉದುರಿಸಿದ. ಆಮೇಲೆ ಇರುವೆಗಳ ಸದ್ದಿಗಾಗಿ ಗಾಜಿಗೆ ಕಿವಿಯಿಟ್ಟು ಕೂತ.

ಬೂದು ಪರದೆಯ ಒಂದಂಚಿನಲ್ಲಿ, ಮರಳಿನ ಕಣಗಳ ನಡುವೆ, ಆಗಲೇ ಒಂದು ನೀಲಿ ಚುಕ್ಕೆ ಅಂಟಿತ್ತು.