ಮದುವೆಗೆ ಕೊಡದ ಬಾಳೆ ಕಂದು

ಮಂಟೇಸ್ವಾಮಿ ಮೇಸ್ತ್ರಿ ನಿವೃತ್ತರಾದಾಗ, ನಂಜನಗೂಡು–ನರಸೀಪುರ ರಸ್ತೆಯ ಸರ್ಕಾರಿ ಉದ್ಯಾನವನ್ನು ಮೂರು ತಿಂಗಳು ಅಲ್ಲೇ ಕೆಲಸಕ್ಕಿದ್ದ ರೋಜಾ ನೋಡಿಕೊಳ್ಳಲಿ, ಆಮೇಲೆ ಯೋಚಿಸೋಣ ಎಂದು ತೋಟಗಾರಿಕೆ ಇಲಾಖೆಯ ಸಾಹೇಬರಾದ ಮಲ್ಲಿಕಾರ್ಜುನ್ ಹೇಳಿದ್ದರು. ತೋಟ ಹಸಿರಾಗಿರಬೇಕು, ಕೆಲಸದವರು ಮಾತು ಕೇಳಬೇಕು. ಹಾಗಾದರೆ ಮೇಸ್ತ್ರಿ ಹುದ್ದೆ, ಜೊತೆಗೆ ತೋಟದೊಳಗಿನ ಎರಡು ಕೋಣೆಯ ಮನೆ. ಮನೆಯೊಳಗೇ ನಲ್ಲಿ. ಬೀದಿಯಿಂದ ನೀರು ಹೊತ್ತು ತಂದು, ಮಗಳಿಗೆ ಜಡೆ ಹೆಣೆದು, ಬುತ್ತಿ ಕಟ್ಟಿ, ಬಸ್ಸಿನ ಹಿಂದೆ ಓಡುವ ರೋಜಾಗೆ ಹುದ್ದೆಗಿಂತ ಮೊದಲು ಆ ನಲ್ಲಿಯೇ ಕಣ್ಣ ಮುಂದೆ ಬರುತ್ತಿತ್ತು.

ಮೈಸೂರಿನಲ್ಲಿ ಅವಳಿಗೆ ನಾಯಕತ್ವದ ತರಬೇತಿಯೂ ಆಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ನಡೆಯುವ ಆಟ ಆಡಿಸಿದ್ದರು. ಅದನ್ನು ಬಂದು ತೋಟದಲ್ಲಿ ಹೇಳಿದ್ದೇ ತಪ್ಪಾಯಿತು.

"ನಮ್ಗೂ ಕಣ್ ಕಟ್ಬುಡವ್ವ," ಎಂದಳು ಕೆಲಸದ ಹೆಂಗಸರಲ್ಲೆಲ್ಲ ಹಿರಿಯಳಾದ ಚಿನ್ನಮ್ಮ. "ನೀ ಕರ್ಕಂಡೋದ ಕಡೀಕೆ ಬತ್ತೀವಿ." ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು.

ತೋಟದಲ್ಲಿ ಒಂದು ಪದ್ಧತಿಯಿತ್ತು. ಕೆಲಸದವರ ಮನೆಯ ಹುಡುಗಿಗೆ ಮದುವೆಯಾದರೆ, ರಸಬಾಳೆಯ ಬುಡದಲ್ಲಿ ಎದ್ದ ಮರಿ, ಅಂದರೆ ಕಂದನ್ನು ಅಗೆದು, ಅರಿಶಿನ ಬಳಿದು ಅವಳ ಜೊತೆ ಗಂಡನ ಮನೆಗೆ ಕಳಿಸುತ್ತಿದ್ದರು. ಚಿನ್ನಮ್ಮನ ಕೊನೆಯ ಮಗಳನ್ನು ಬಿಳಿಗೆರೆಗೆ ಕೊಡುವುದಿತ್ತು. ಯಾವ ಕಂದು ಅವಳದೆಂದು ಮಂಟೇಸ್ವಾಮಿ ಹೋಗುವಾಗಲೇ ತೋರಿಸಿ ಹೋಗಿದ್ದರು.

ಅದರ ತಾಯಿ ಗಿಡದ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು ಜೋತುಬಿದ್ದಿದ್ದನ್ನು ರೋಜಾ ನೋಡಿದಳು. ಮಣ್ಣಿನಿಂದ, ಗಡ್ಡೆಯಿಂದ ಹರಡುವ ಸೊರಗು ರೋಗ. ಸುತ್ತಲಿನ ಎಷ್ಟೋ ರಸಬಾಳೆ ತೋಟಗಳು ಅದರಿಂದಲೇ ಖಾಲಿಯಾಗಿದ್ದವು.

"ಕಂದು ಕೊಡಕ್ಕಾಗಲ್ಲ ಚಿನ್ನಕ್ಕ. ಗಿಡಕ್ಕೆ ಸೊರಗು ಬಂದದೆ."

"ನನ್ ಕಂದಿಗೇನ್ ಬಂದದೆ? ಕತ್ತಿ ಇದ್ದಂಗೆ ನಿಂತದೆ. ಮೇಸ್ತ್ರಿ ಆಗಿ ಅವ್ರು ಕೊಡ್ತಿದ್ರು. ನೀನು ಆಗಕ್ ಮುಂಚೇನೇ ಕೊಡಲ್ಲ ಅಂತೀಯ!"

ಮಾರನೆಯ ದಿನದಿಂದ ಯಾರೂ ರೋಜಾಳ ಮಾತಿಗೆ ಓಗೊಡಲಿಲ್ಲ. ನೀರು ಬಿಡಿ ಎಂದರೆ ಕಳೆ ಕೀಳುತ್ತಿದ್ದರು, ಕಳೆ ಕೀಳಿ ಎಂದರೆ ಎಲೆ ಅಡಿಕೆ ತೆಗೆಯುತ್ತಿದ್ದರು. ಕಂದು ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು. ಅದು ಬಿಳಿಗೆರೆಯಲ್ಲಿ ಸೊರಗುವ ಹೊತ್ತಿಗೆ ರೋಜಾ ತೋಟದ ಮನೆಯಲ್ಲಿ ನಲ್ಲಿ ತಿರುಗಿಸುತ್ತಿರುತ್ತಿದ್ದಳು.

ಮದುವೆ ಹತ್ತಿರವಾಗುತ್ತಿದ್ದಂತೆ ಒಂದು ಬೆಳಿಗ್ಗೆ ರೋಜಾ ಮಚ್ಚಿನ ಹಿಡಿಯನ್ನು ಚಿನ್ನಮ್ಮನ ಕಡೆ ಚಾಚಿದಳು. "ತಗೋ ಅಕ್ಕ. ನಿನ್ ಕಂದು, ನೀನೇ ಅಗ್ದು ಗಡ್ಡೆ ಸೀಳು. ಒಳ್ಗೆ ಬೆಳ್ಳಗಿದ್ರೆ ಪಕ್ಕದ ಕಂದ ನಾನೇ ತಲೆ ಮೇಲೆ ಒತ್ಕಂಡು ಬಿಳಿಗೆರೆಗೆ ಬತ್ತೀನಿ."

"ಬಾ ಮತ್ತೆ, ಸಿಂಬಿ ಸುತ್ಕ," ಎಂದು ಚಿನ್ನಮ್ಮ ಅಗೆದಳು, ಸೀಳಿದಳು. ಬಿಳಿ ಗಡ್ಡೆಯೊಳಗೆ ಎಲೆ ಅಡಿಕೆ ಉಗುಳಿದಂತೆ ಕೆಂಪಗಿನ ಬಳೆಗಳು. ಬೆರಳಿನಿಂದ ಒರೆಸಿ ನೋಡಿದಳು, ಹೋಗಲಿಲ್ಲ.

"ನಮ್ ಬೀಗ್ರದ್ದೆಲ್ಲ ಬಾಳೆ ತೋಟ ಕನವ್ವ," ಎಂದಳು ಮೆಲ್ಲಗೆ.

"ಇಲ್ಲಿರೋದ್ನೆಲ್ಲ ಕಿತ್ ಸುಡ್ಬೇಕು," ಎಂದಳು ರೋಜಾ. "ಸಾಯೇಬ್ರು ಫೋನಿಗೆ ಸಿಗ್ತಿಲ್ಲ. ಮಳೆ ಬಂದ್ರೆ ನೀರಿನ್ ಜೊತೆ ಪಕ್ಕದ್ ಗದ್ದೆಗೂ ಓಯ್ತದೆ."

ಯಾರನ್ನೂ ಕರೆಯದೆ ತಾನೇ ಅಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಹಿಂದೆ ಇನ್ನೊಂದು ಗುದ್ದಲಿಯ ಸದ್ದು ಕೇಳಿತು. ಆಮೇಲೆ ಎಲ್ಲರದ್ದೂ.

ಶನಿವಾರ ಜೀಪಿನಲ್ಲಿ ಬಂದ ಮಲ್ಲಿಕಾರ್ಜುನ್ ಸುಣ್ಣ ಚೆಲ್ಲಿದ ಗುಂಡಿಗಳ ನಡುವೆ ನಿಂತರು. "ದಸರಾ ಪ್ರದರ್ಶನಕ್ಕೆ ಇಲ್ಲೀದೇ ಗೊನೆ ಅಂದಿದ್ದೆ. ಯಾರ್ರೀ ಕೀಳಿಸಿದ್ದು?"

"ಸೊರಗು ಬಂದಿತ್ತು ಸಾ. ನಾನೇ ಕೀಳ್ಸಿದ್ದು."

"ನನ್ನ ಒಂದು ಮಾತು ಕೇಳದೆ? ಬರವಣಿಗೆಯಲ್ಲಿ ವಿವರಣೆ ಕೊಡಿ."

ಚಿನ್ನಮ್ಮ ಮುಂದೆ ಬಂದಳು. "ಅವ್ಳು ಏಳಿದ್ಲು, ನಾವು ಕಿತ್ತೊ ಸಾ. ಅದಕ್ ಮುಂಚೆ ಅವ್ಳ ಒಂದ್ ಮಾತ್ನೂ ಕೇಳಿರ್ಲಿಲ್ಲ. ಎರಡ್ನೂ ಬರ್ಕಳಿ."

ಹಿಂದೆ ಯಾರೋ ಕಿಸಕ್ಕೆಂದರು. ಸಾಹೇಬರು ಜೀಪಿನತ್ತ ನಡೆದರು. ಅಲ್ಲಿಂದ ಅವರು ಬಿಳಿಗೆರೆ ರೈತರ ತೋಟಗಳಿಗೆ ಹೋಗುವವರು. ಬೂಟಿನ ತುಂಬ ಗುಂಡಿಯ ಮಣ್ಣು. ಅವರ ಆಚೆ ಬೀಗ ಹಾಕಿದ ಆ ಮನೆ ಕಾಣುತ್ತಿತ್ತು. ರೋಜಾ ಅವರ ಹಿಂದೆಯೇ ಹೆಜ್ಜೆ ಹಾಕಿದಳು.

"ಸಾ, ಬೂಟ್ ತೊಳ್ಕಂಡು ಜೀಪ್ ಅತ್ತಿ. ಈ ಮಣ್ಣು ಆ ತೋಟಗಳಿಗೆ ಓಗ್ಬಾರ್ದು."

ಜೀಪಿನ ಮೆಟ್ಟಿಲ ಮೇಲಿಟ್ಟ ಕಾಲನ್ನು ಸಾಹೇಬರು ಅಲ್ಲೇ ನಿಲ್ಲಿಸಿದರು. ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ಕೊನೆಗೆ ಕಾಲು ಕೆಳಗಿಳಿಯಿತು. ಚಿನ್ನಮ್ಮ ಆಗಲೇ ಬಕೆಟ್ ತಂದಿದ್ದಳು.

"ಇನ್ನೊಂದ್ ಕಾಲು ಸಾ," ಎಂದಳು.

ಜೀಪು ಹೋಯಿತು. ವಿವರಣೆ ಬರೆಯುವುದು ಬಾಕಿಯೇ ಇತ್ತು, ಮನೆಯ ಬೀಗದ ಕೈ ಆಫೀಸಿನಲ್ಲೇ ಇತ್ತು.

"ಈಗ ನನ್ ಮಗ್ಳಿಗೆ ಏನ್ ಕೊಟ್ಟೀಯವ್ವ?" ಎಂದು ಕೇಳಿದಳು ಚಿನ್ನಮ್ಮ.

ರೋಜಾ ತೋಟದ ಸುತ್ತ ಕಣ್ಣು ಹಾಯಿಸಿದಳು. "ಬಾಳೆ ಒಂದ್ ಬುಟ್ಟು ಯಾವ್ ಗಿಡ ಬೇಕೋ ನೀನೇ ಆರಿಸ್ಕೊ ಅಕ್ಕ. ನಾನು ಬೇರು ನೋಡಿ ಕೊಡ್ತೀನಿ."