ಹಗ್ಗದ ಆ ತುದಿ

ಶಿವರಂಜನಿ ಏಳು ತಿಂಗಳಿಗೇ ಹುಟ್ಟಿದ ಕೂಸು. ಇದನ್ನು ಮನೆಯವರು ಮರೆತಿರಲಿಲ್ಲ, ಉಳಿದವರಿಗೂ ಮರೆಯಗೊಡುತ್ತಿರಲಿಲ್ಲ. ಯಾದಗಿರಿಯ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿ, ಓರಗೆಯವರಿಗಿಂತ ಎತ್ತರವಾಗಿ ಬೆಳೆದಿದ್ದರೂ ಅವಳು ಒಮ್ಮೆ ಸೀನಿದರೆ ಸಾಕು, ಒಬ್ಬರು ಕಿಟಕಿ ಮುಚ್ಚುವರು, ಒಬ್ಬರು ಅರಿಸಿನ ಹಾಲು ಕಾಸುವರು, ಇನ್ನೊಬ್ಬರು ಶಹಾಪುರದ ಮಾಮನಿಗೆ ಫೋನು ಹಚ್ಚುವರು. ತಟ್ಟೆಯೊಳಗಿನ ರೊಟ್ಟಿ ಮುರಿಯಲು ಅವಳು ಕೈಚಾಚುವಷ್ಟರಲ್ಲಿ ಯಾರೋ ಅದನ್ನು ಚೂರು ಮಾಡಿ ಹಾಲಿನಲ್ಲಿ ಕಲಸಿರುತ್ತಿದ್ದರು. ಪ್ರೀತಿಯೇ, ಇಲ್ಲವೆನ್ನುವ ಹಾಗಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಮಾತು ಆ ಮನೆಯವರಿಗೆ ಗೊತ್ತಿದ್ದದ್ದು ಊಟದ ವಿಷಯದಲ್ಲಿ ಮಾತ್ರ.

ಕೊನೆಗೆ ಡಾಕ್ಟರರೇ ಹೇಳಿದರು: ಹುಡುಗಿಗೆ ಏನೂ ಆಗಿಲ್ಲ, ಬೇಸಿಗೆ ರಜೆಯಲ್ಲಿ ಈಜು ಕಲಿಸಿ, ಎದೆ ಇನ್ನಷ್ಟು ಗಟ್ಟಿಯಾಗುತ್ತದೆ. ಶಿವರಂಜನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಡಾಕ್ಟರರ ಆ ಒಂದು ಮಾತನ್ನು ಮನೆಯವರು ಎಲ್ಲರೂ ಸೇರಿ ಹೊತ್ತುಕೊಂಡರು.

ಈಜಿಗೆ ಅಜ್ಜಿಯ ಊರಾದ ಶಿರವಾಳವೇ ಸರಿ ಎಂದಾಯಿತು. ಅಲ್ಲಿ ಅಜ್ಜಿ ಬಸ್ಸಮ್ಮನ ಹೊಲದಲ್ಲಿ ಹಳೆಯ ಕಾಲದ ಮೆಟ್ಟಿಲುಬಾವಿ ಇದೆ. ಕಾಲುವೆ ಬಂದಮೇಲೆ ಬೇಸಿಗೆಯಲ್ಲೂ ಅದು ತುಂಬಿಯೇ ಇರುತ್ತದೆ. ಮೆಟ್ಟಿಲಿಗೆ ಎದುರಾಗಿ, ಆಚೆಯ ಗೋಡೆಯಲ್ಲಿ, ನೀರಿಗಿಂತ ಗೇಣು ಮೇಲೆ ಒಂದು ಪುಟ್ಟ ಕಲ್ಲಿನ ಬಸವಣ್ಣ. ಈಜಿ ಹೋಗಿ ಅವನ ಮೂತಿ ಮುಟ್ಟಿದವರಿಗೆ ಈಜು ಬಂತೆಂದು ಊರವರ ಲೆಕ್ಕ. ಮುಟ್ಟಿದ ದಿನ ಮನೆಯವರು ಬೆಲ್ಲ ಹಂಚಬೇಕು. ತಲೆತಲಾಂತರದಿಂದ ಮುಟ್ಟಿಸಿಕೊಂಡು ಆ ಮೂತಿ ನುಣ್ಣಗಾಗಿದೆ. ಅಜ್ಜಿಯಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಮೊದಲ ದಿನವೇ ಬೆಲ್ಲ ತರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಾವಿಗೆ ಬಂದಿದ್ದಳು. ದಿನಾ ತರುತ್ತಿದ್ದಳು, ದಿನಾ ವಾಪಸು ಒಯ್ಯುತ್ತಿದ್ದಳು.

ಕಲಿಸುವ ಹೊಣೆ ಮಾಮನದು. ಬಸವಲಿಂಗ ಶಹಾಪುರದಲ್ಲಿ ಕಾಳಿನ ವ್ಯಾಪಾರಿ. ಸಂಜೆಯಾಗುತ್ತಲೇ ಅಂಗಡಿಯನ್ನು ಆಳುಗಳಿಗೆ ಬಿಟ್ಟು ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದ. ಬಂದವನೇ ಸೊಸೆಯ ಬೆನ್ನಿಗೆ ಎಣ್ಣೆಯ ಖಾಲಿ ಕ್ಯಾನು ಕಟ್ಟುವನು. ಅದು ಸಾಲದೆಂದು ಟ್ರ್ಯಾಕ್ಟರಿನ ಟ್ಯೂಬು ಹಾಕುವನು. ಅದೂ ಸಾಲದೆಂದು ಸೊಂಟಕ್ಕೆ ಹಗ್ಗ ಬಿಗಿದು, ಆ ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡು, ಮೇಲಿನ ಒಣ ಮೆಟ್ಟಿಲ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಲ್ಲುವನು. ಪಕ್ಕದಲ್ಲಿ ಅತ್ತೆ ಗುರುದೇವಿ ಮೊಬೈಲು ಹಿಡಿದಿರುವಳು. ಅದರೊಳಗೆ ಯಾದಗಿರಿಯಿಂದ ಅವ್ವ. ಕಾಲು ಬಡಿ ಎಂದು ಮಾಮ, ಕಾಲು ನೆಟ್ಟಗಿಡು ಎಂದು ಅತ್ತೆ, ಬಾಯಿ ಮುಚ್ಚು ಎಂದು ಅಜ್ಜಿ, ಬಾಯಿ ತೆರೆದು ಉಸಿರಾಡು ಎಂದು ಫೋನಿನೊಳಗಿನ ಅವ್ವ. ಬಾವಿಯೊಳಗಿನ ಕಪ್ಪೆಗಳು ಇವರ ಗದ್ದಲಕ್ಕೆ ಹೆದರಿ ಬಾಯಿ ಮುಚ್ಚಿದ್ದವು.

ಗದ್ದಲ ಹೋಗಲಿ, ಅದನ್ನು ಶಿವರಂಜನಿ ಹುಟ್ಟಿದಾಗಿನಿಂದ ಕೇಳುತ್ತಿದ್ದಳು. ಹಗ್ಗದ ಕಾಟ ಬೇರೆ. ನಾಲ್ಕು ಕೈ ಹಾಕಿ, ನೀರು ಅವಳನ್ನು ಹೊತ್ತುಕೊಳ್ಳುತ್ತಿದೆ ಅನ್ನಿಸುವ ಹೊತ್ತಿಗೆ ಸರಿಯಾಗಿ ಮಾಮನಿಗೆ ಎದೆ ಝಲ್ಲೆನ್ನುತ್ತಿತ್ತು. ಹಗ್ಗ ಜಗ್ಗುತ್ತಿದ್ದ. ಸೊಂಟ ಹಿಂದಕ್ಕೆ, ಮುಖ ಕೆಳಕ್ಕೆ, ಮೂಗಿನೊಳಗೆ ನೀರು. ಅವಳು ಕೆಮ್ಮುತ್ತಿದ್ದಳು. ನೋಡ್ರಿ, ಉಸಿರು ಕಮ್ಮಿ ಬೀಳ್ತದ ಎಂದು ಮೇಲಿನವರೆಲ್ಲ ಮರುಗುತ್ತಿದ್ದರು. ಮರುದಿನ ಹಗ್ಗ ಇನ್ನಷ್ಟು ಗಿಡ್ಡವಾಗುತ್ತಿತ್ತು. ಹೀಗೆ ಎಷ್ಟೋ ಸಂಜೆ ಕಳೆದ ಮೇಲೆ ಅವಳಿಗೇ ಅನುಮಾನ ಹತ್ತಿತು. ತನ್ನ ಉಸಿರು ನಿಜಕ್ಕೂ ಕಡಿಮೆಯೇನೋ. ಇವರೆಲ್ಲ ಹೇಳುವುದು ಖರೆಯೇ ಏನೋ. ಆ ಅನುಮಾನ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಕೂತರೆ ಕಾಲು ಅಲುಗುತ್ತಿತ್ತು, ನಿಂತರೆ ಉಗುರು ಕಡಿಯುತ್ತಿದ್ದಳು. ನಾಳೆ ಮುಂಜಾನೆ ಅಪ್ಪ ಬಂದು ಯಾದಗಿರಿಗೆ ಕರೆದೊಯ್ಯುವವನಿದ್ದ. ಬಸವಣ್ಣನ ಮೂತಿ ಮುಟ್ಟದೆ ಹೋದರೆ ತಾನು ಸಾಯುವವರೆಗೂ ಏಳು ತಿಂಗಳ ಕೂಸಾಗಿಯೇ ಉಳಿಯುತ್ತೇನೆಂದು ಅವಳಿಗೆ ಖಾತ್ರಿಯಾಗಿತ್ತು.

ಮಧ್ಯಾಹ್ನ ಮನೆಯವರು ಅಡ್ಡಾದಾಗ ಅವಳು ಬಾವಿಯ ಕಡೆ ಬಂದಳು. ಬಾವಿಯ ಮಗ್ಗುಲಿನ ಕಲ್ಲಿನ ದೋಣಿಯಲ್ಲಿ ಮಹಾನಂದಾ ತನ್ನ ಕುರಿಗಳಿಗೆ ನೀರು ಕುಡಿಸುತ್ತಿದ್ದಳು. ಮಹಾನಂದಾ ಕುರಿಗಾರ ಹಣಮಂತ್ರಾಯನ ಮಗಳು, ಇವಳಿಗಿಂತ ಒಂದೆರಡು ವರ್ಷ ದೊಡ್ಡವಳು, ಬಸವಣ್ಣನನ್ನು ಯಾವಾಗಲೋ ಮುಟ್ಟಿ ಬೆಲ್ಲ ತಿಂದವಳು. ಮಾತಿಗೆ ಸಕ್ಕರೆ ಸವರುವ ಅಭ್ಯಾಸ ಅವಳಿಗಿರಲಿಲ್ಲ.

"ನಿನಗ್ಯಾಕ ಹಗ್ಗ ಕಟ್ತಾರ? ನಾವು ಎಮ್ಮಿಗೆ ಕಟ್ತೀವಿ," ಎಂದಳು.

ಶಿವರಂಜನಿಗೆ ಕಣ್ಣು ತುಂಬಿತು, ಸಿಟ್ಟೂ ಬಂತು. ತನಗೆ ಉಸಿರು ಸಾಲುವುದಿಲ್ಲವೆಂದು ಹೇಳಿದಳು. ಹೇಳಿದ ಮೇಲೆ ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ಇನ್ನಷ್ಟು ಸಿಟ್ಟಾಯಿತು. ಮಹಾನಂದಾ ದೋಣಿಯ ಕಡೆ ಗದ್ದ ತೋರಿಸಿ, ಮುಖ ಅದ್ದು, ನಾನು ಕುರಿ ಎಣಿಸುತ್ತೇನೆ, ಎಲ್ಲಿಯವರೆಗೆ ತಾಳುತ್ತೀಯೋ ನೋಡೋಣ ಎಂದಳು. ಶಿವರಂಜನಿ ಕುರಿಗಳ ನಡುವೆ ಮಂಡಿಯೂರಿ ಮುಖ ಅದ್ದಿದಳು. ನೀರಿನೊಳಗೆ ಎಣಿಕೆ ದೂರದಿಂದ ಬಂದಂತೆ ಕೇಳುತ್ತಿತ್ತು. ಕಿವಿ ಗುಂಯ್ ಎಂದಿತು, ಎದೆ ಬಿಗಿಯಿತು, ಅವಳು ಬಿಡಲಿಲ್ಲ. ತಲೆ ಎತ್ತಿದಾಗ ಮಹಾನಂದಾಳ ಎಣಿಕೆ ನಿಂತಿತ್ತು. ಹಿಂಡು ಪೂರಾ ಎಣಿಸಿ ಮುಗಿದಿತ್ತು, ಮರಿಗಳ ಸಮೇತ.

ಹಾಗಾದರೆ ಉಸಿರಿಗೆ ಏನೂ ಆಗಿರಲಿಲ್ಲ. ಇಷ್ಟು ದಿನ ಮೂಗಿಗೆ ನೀರು ತುಂಬಿದ್ದು ಹಗ್ಗ. ಸಂಜೆಯಾಗುವವರೆಗೆ ಅವಳು ಅಂಗಳದಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಂಗಳಕ್ಕೆ ತಿರುಗಿದಳು. ಕೂಸಿಗೆ ಯಾಕೋ ಚಡಪಡಿಕೆ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಸಂಜೆ ಎಲ್ಲರೂ ಅವರವರ ಜಾಗದಲ್ಲಿ ನಿಂತರು. ಕ್ಯಾನು ಬಂತು, ಟ್ಯೂಬು ಬಂತು, ಹಗ್ಗ ಬಂತು. ಕುರಿಗಳನ್ನು ಅಪ್ಪನ ಕೈಗೆ ಒಪ್ಪಿಸಿ ಬಂದ ಮಹಾನಂದಾ ಧುಮುಕಿ, ಆಚೆ ಹೋಗಿ, ಬಸವಣ್ಣನ ಕೆಳಗಿನ ಕಲ್ಲಿನ ಮೇಲೆ ಕಾಲೂರಿ ನಿಂತಳು. ಶಿವರಂಜನಿ ಕೈ ಹಾಕತೊಡಗಿದಳು. ಫೋನಿನೊಳಗಿಂದ ಅವ್ವ ಏನೂ ಸರಿಯಾಗಿ ಕಾಣುವುದಿಲ್ಲ ಎಂದಳು. ಗುರುದೇವಿ ಫೋನು ಮುಂದೆ ಚಾಚಿದಳು. ದಾರಿ ಬಿಡಲು ಪಕ್ಕಕ್ಕೆ ಸರಿದ ಬಸವಲಿಂಗನ ಒಂದು ಚಪ್ಪಲಿ ಜಾರಿ, ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ನೀರಿಗೆ ಬಿತ್ತು.

ಚಪ್ಪಲಿ ತೇಲುತ್ತ ದೂರ ಹೋಗಲಿಲ್ಲ. ಕೊನೆಯ ಮೆಟ್ಟಿಲಿಂದ ಒಂದು ಮಾರು ಅಷ್ಟೆ. ಬಸವಲಿಂಗ ಅದನ್ನೇ ನೋಡುತ್ತ ನಿಂತ. ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ. ನೀರು ತೊಯಿಸಿದ ಮೆಟ್ಟಿಲಿಗೆ ಬರುತ್ತಲೇ ಅವನ ಕಾಲು ಕಟ್ಟಿಹಾಕಿದಂತೆ ನಿಂತಿತು. ಯಾರಾದರೂ ಒಂದು ಕೋಲು ಕೊಡ್ರಿ ಎಂದು ಕೇಳಿದ. ಹಗ್ಗ ಮಾತ್ರ ಅವನ ಮುಂಗೈಯಲ್ಲಿ ಹಾಗೇ ಬಿಗಿದಿತ್ತು. ಕಂಪಿಸುತ್ತಿತ್ತು ಕೂಡ, ಆ ನಡುಕ ಹಗ್ಗದಗುಂಟ ಬಂದು ಶಿವರಂಜನಿಯ ಸೊಂಟಕ್ಕೆ ತಗುಲಿತು.

ಅವಳು ಮೆಟ್ಟಿಲಿಗೆ ಮರಳಿ, ಅದನ್ನು ಹಿಡಿದುಕೊಂಡು ಮಾಮನ ಮುಖ ನೋಡಿದಳು. ಇಷ್ಟು ದಿನ ಅವನು ಆ ಒಣ ಮೆಟ್ಟಿಲಿಂದ ಕೆಳಗೆ ಬಂದದ್ದನ್ನು ತಾನು ಕಂಡೇ ಇಲ್ಲವೆಂದು ಈಗ ಅವಳಿಗೆ ಹೊಳೆಯಿತು.

"ಮಾಮಾ, ನಿಮಗ ಈಜ ಬರ್ತದೇನ್ರಿ?"

ಬಸವಲಿಂಗ ಕೆಮ್ಮಿದ. ಗುರುದೇವಿ ಗಂಡನ ಕಡೆ ತಿರುಗಿದಳು, ಅವಳಿಗೂ ಗೊತ್ತಿದ್ದಂತಿರಲಿಲ್ಲ. ಉತ್ತರ ಬಂದದ್ದು ಮೇಲಿನಿಂದ, ಅಜ್ಜಿಯ ಬಾಯಿಂದ.

"ಅವನಿಗೆಲ್ಲಿ ಬರ್ತದ ಯವ್ವಾ. ಸಣ್ಣಾವಿದ್ದಾಗ ಇಳಿತೀನಂತ ದಿನಾ ಅಳ್ತಿದ್ದ. ಒಬ್ಬನೇ ಮಗ ಅಂತ ನಾನೇ ಇಳಿಯಗೊಡ್ಲಿಲ್ಲ."

ಹೇಳಿದವಳಿಗೇ ತಾನು ಹೇಳಿದ್ದು ಆಮೇಲೆ ಕೇಳಿಸಿತೇನೋ, ಬಸ್ಸಮ್ಮ ಸೆರಗಿನ ಬೆಲ್ಲದ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಶಿವರಂಜನಿಗೆ ಮಾಮನ ಮೇಲೆ ಇದ್ದ ಸಿಟ್ಟು ಇಳಿದು ಹೋಯಿತು. ಇಷ್ಟು ದಿನ ತನ್ನನ್ನು ಹಿಡಿದು ನಿಲ್ಲಿಸಿದ್ದು ತನ್ನ ಉಸಿರಲ್ಲ, ಮಾಮನ ಅಂಜಿಕೆ. ಅದೂ ಪೂರ್ತಿ ಅವನದಲ್ಲ.

ಅವಳು ಟ್ಯೂಬಿನಿಂದ ನುಸುಳಿ ಹೊರಬಂದಳು. ಬೆನ್ನಿನ ಕ್ಯಾನು ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಸೊಂಟದ ಗಂಟು ಅವಳಿಗೆ ಗೊತ್ತಿದ್ದದ್ದೇ. ಹಿಂದಿನ ರಜೆಗಳಲ್ಲಿ ಬಿಸಿಲಿಗೆ ಹೋಗಬೇಡವೆಂದು ಅವಳನ್ನು ಎಷ್ಟೋ ಮಧ್ಯಾಹ್ನ ಶಹಾಪುರದ ಅಂಗಡಿಯಲ್ಲಿ ಕೂರಿಸಿಕೊಂಡಿದ್ದರು. ಮಾಮ ಕಾಳಿನ ಚೀಲದ ಬಾಯಿಗೆ ಹಾಕುವ ಆ ಗಂಟು ಯಾವ ಎಳೆ ಎಳೆದರೆ ಬಿಚ್ಚುತ್ತದೆಂದು ನೋಡಿ ನೋಡಿ ಕಲಿತಿದ್ದಳು. ಎಳೆದಳು. ಹಗ್ಗ ಬಿಚ್ಚಿ ನೀರಿಗೆ ಬಿತ್ತು. ಮೇಲೆ ಎಲ್ಲರೂ ಒಮ್ಮೆಲೇ ಬಾಯಿ ತೆರೆದರು, ಅವರು ಏನು ಹೇಳಿದರೆಂದು ಕೇಳಿಸಲಿಲ್ಲ, ಅವಳ ಕಿವಿ ಆಗ ನೀರಿನೊಳಗಿತ್ತು.

ಹಿಂದಕ್ಕೆ ಜಗ್ಗುವವರಿರಲಿಲ್ಲ. ಮೊದಲ ನಾಲ್ಕು ಕೈ ಅಭ್ಯಾಸದವು, ಅದರ ಮುಂದಿನವೆಲ್ಲ ಹೊಸವು. ನಡುಬಾವಿಯಲ್ಲಿ ನೀರು ತಣ್ಣಗಾಯಿತು, ಕೆಳಗೆ ಬರೀ ಕಪ್ಪು. ಹೆದರಿಕೆ ಆಗಲಿಲ್ಲವೆಂದರೆ ಸುಳ್ಳಾದೀತು. ಕುರಿಗಳನ್ನು ನೆನೆಸಿಕೊಂಡಳು. ಒಂದೊಂದು ಕೈಗೆ ಒಂದೊಂದು ಕುರಿ ಎಣಿಸುತ್ತ ಹೋದಳು. ಹಿಂಡು ಅರ್ಧವೂ ಮುಗಿಯುವ ಮೊದಲೇ ಬೆರಳಿಗೆ ನುಣ್ಣನೆಯ ಕಲ್ಲು ತಗುಲಿತು.

ಮಹಾನಂದಾ ಅವಳ ನಡುನೆತ್ತಿಗೆ ಒಂದು ಮೊಟಕಿದಳು. ಅವಳ ಮಟ್ಟಿಗೆ ಅದು ದೊಡ್ಡ ಸನ್ಮಾನವೇ.

ಆಚೆ ದಡದಲ್ಲಿ ಗುರುದೇವಿಯ ಕೈಯಲ್ಲಿನ ಫೋನು ಆಕಾಶಕ್ಕೆ ಮುಖ ಮಾಡಿತ್ತು. ಏನಾಗ್ಯಾದ, ಯಾರರ ಹೇಳ್ರಿ ಎಂದು ಅವ್ವ ಅದರೊಳಗಿಂದ ಒಂದೇ ಸಮನೆ ಕೇಳುತ್ತಿದ್ದಳು. ಶಿವರಂಜನಿ ಸ್ವಲ್ಪ ದಣಿವಾರಿಸಿಕೊಂಡು ಮರಳಿ ಹೊರಟಳು. ದಾರಿಯಲ್ಲಿ ಮಾಮನ ಚಪ್ಪಲಿಯನ್ನು ತಲೆಯಿಂದ ದೂಡುತ್ತ ಬಂದು, ಅವನ ಕಾಲ ಬಳಿ ಇಟ್ಟಳು.

ಬಸವಲಿಂಗ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ಅವಳ ತೊಯ್ದ ತಲೆಯನ್ನು ಹೆಗಲ ಟವೆಲಿನಿಂದ ಒರೆಸಿದ. ಒರೆಸುತ್ತ ಒರೆಸುತ್ತ ಅವನ ಕಣ್ಣು ಆಚೆಯ ಬಸವಣ್ಣನ ಕಡೆ ಹೋಯಿತು, ಹೋದದ್ದು ತಿರುಗಿ ಬರಲಿಲ್ಲ. ನೀರು ಭಾಳ ತಣ್ಣಗ ಅದೇನು ಎಂದು ಮೆಲ್ಲಗೆ ಕೇಳಿದ.

ಶಿವರಂಜನಿ ನೀರಲ್ಲಿ ತೇಲುತ್ತಿದ್ದ ಹಗ್ಗವನ್ನು ಎಳೆದುಕೊಂಡಳು. ಅವನ ಮುಂಗೈಗೆ ಸುತ್ತಿದ್ದ ತುದಿಯನ್ನು ಒಂದೊಂದೇ ಸುತ್ತು ಬಿಡಿಸಿ, ತನ್ನ ಕೈಗೆ ಸುತ್ತಿಕೊಂಡಳು. ಇನ್ನೊಂದು ತುದಿಯನ್ನು ಅವನ ಮಡಿಲಲ್ಲಿಟ್ಟಳು.

"ಕಟ್ಕೋರಿ ಮಾಮಾ. ಈ ತುದಿ ನಾ ಹಿಡಿತೀನಿ. ಜಗ್ಗಂಗಿಲ್ಲ."

ಬಸ್ಸಮ್ಮ ಬೇಡವೆನ್ನಲು ಬಾಯಿ ತೆರೆದಳು. ತೆರೆದ ಬಾಯಿಗೆ ತಾನೇ ಒಂದು ಚೂರು ಬೆಲ್ಲ ಹಾಕಿಕೊಂಡಳು. ಬಸವಲಿಂಗ ಇನ್ನೊಂದು ಕಾಲಿನ ಚಪ್ಪಲಿಯನ್ನೂ ಬಿಚ್ಚಿ, ಒಣ ಮೆಟ್ಟಿಲ ಮೇಲೆ ಎತ್ತಿಟ್ಟ.